ಮಕ್ಕಳ ಪ್ರಯೋಗ ಬಾಹ್ಯಾಕಾಶಕ್ಕೆ: ಮಾಡಿ ನೋಡಿದವರು ಸ್ವಲ್ಪ ಹೇಳಿ

ಕೇಳಿದ್ದು: ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಮೇಷ್ಟ್ರು ನಾನು. 2025ರಲ್ಲಿ ಶುಭಾಂಶು ಶುಕ್ಲಾ ಅಂತರಿಕ್ಷ ನಿಲ್ದಾಣದಲ್ಲಿ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದ್ದನ್ನು ಓದಿದಾಗಿನಿಂದ ಒಂಬತ್ತನೇ ಕ್ಲಾಸಿನವರು "ನಮ್ಮದೂ ಒಂದು ಕಳಿಸೋಣ ಸಾರ್" ಅಂತ ಬೆನ್ನು ಬಿದ್ದಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಬೆಂಗಳೂರಿನಿಂದ, ಕಾಲೇಜಿನ ಪೇಲೋಡ್ (ರಾಕೆಟ್ ಹೊತ್ತೊಯ್ಯುವ ಉಪಕರಣ) ತಂಡದಲ್ಲಿದ್ದವನು:
ಮೇಷ್ಟ್ರೇ, ಯಾವ ಗಾಡಿಯಲ್ಲಿ ಹೋಗುತ್ತೆ ಅನ್ನೋದು ಮೊದಲು, ಪ್ರಯೋಗ ಆಮೇಲೆ. ನಮ್ಮಲ್ಲಿ ವಿದ್ಯಾರ್ಥಿಗಳಿಗೆ ಸಿಗೋದು ಇಸ್ರೋದ ಪೊಯೆಮ್. ಉಪಗ್ರಹ ಬಿಟ್ಟ ಮೇಲೆ ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತವನ್ನೇ ಪ್ರಯೋಗಾಲಯ ಮಾಡಿಕೊಳ್ಳುತ್ತಾರೆ. 2024ರ ಡಿಸೆಂಬರ್ 30ರಂದು ಹೋದ ಪೊಯೆಮ್-4ರಲ್ಲಿ 24 ಪೇಲೋಡ್ ಇದ್ದವು. ಆರ್‌ವಿ ಕಾಲೇಜಿನವರ ಕರುಳಿನ ಬ್ಯಾಕ್ಟೀರಿಯಾ ಪ್ರಯೋಗ, ಚಿಕ್ಕಬಳ್ಳಾಪುರದ ಎಸ್‌ಜೆಸಿಐಟಿಯವರ ಹವ್ಯಾಸಿ ರೇಡಿಯೊ ಎರಡೂ ಅದರಲ್ಲೇ ಹೋದವು. ಆದರೆ ಪೊಯೆಮ್ ವಾಪಸ್ ಬರಲ್ಲ. ಅಳೆಯೋದೆಲ್ಲ ಮೇಲೇ ಅಳೆದು ರೇಡಿಯೊದಲ್ಲಿ ಕೆಳಗೆ ಕಳಿಸಬೇಕು. ಸುತ್ತ ನಿರ್ವಾತ ಬೇರೆ, ಹಾಗಾಗಿ ಕಾಳಿಗೆ ಗಾಳಿ ಸೋರದ ಡಬ್ಬಿ ಬೇಕು. ಅದೇ ಹಾರಾಟದಲ್ಲಿ ಇಸ್ರೋದವರು ಎಂಟು ಅಲಸಂದೆ ಕಾಳನ್ನು ಹಾಗೇ ಮೊಳೆಸಿದರು.

ಮತ್ತೆ ಕಂಪನ ಪರೀಕ್ಷೆ, ಅಂದರೆ ರಾಕೆಟ್ಟಿನ ಅದುರಾಟ ತಡೆಯುತ್ತಾ ಅಂತ ಡಬ್ಬಿಯನ್ನು ಅದುರುವ ಟೇಬಲ್ ಮೇಲಿಟ್ಟು ನೋಡೋದು. ಪ್ರತಿ ಸ್ಕ್ರೂಗೂ ಅಂಟು ಹಾಕಿ, ಅದರ ತಲೆಯಿಂದ ಡಬ್ಬಿಯ ಮೇಲಕ್ಕೆ ಬಣ್ಣದಲ್ಲಿ ಒಂದು ಗೆರೆ ಎಳೀತೀವಿ. ಟೇಬಲ್ ನಿಂತ ಮೇಲೆ ಗೆರೆ ಮುರಿದು ಕಂಡರೆ ಸ್ಕ್ರೂ ಅಲುಗಿದೆ ಅಂತಲೇ ಅರ್ಥ. ನಿಜ ಹೇಳಬೇಕಂದರೆ ಇದು ಪ್ರೌಢಶಾಲೆಯೊಂದೇ ಹೊರುವ ಕೆಲಸ ಅಲ್ಲ. ಹತ್ತಿರದ ಇಂಜಿನಿಯರಿಂಗ್ ಕಾಲೇಜನ್ನು ಜೊತೆಗೆ ಹಾಕ್ಕೊಳ್ಳಿ.

ಅಮೆರಿಕದಿಂದ, ಮಗಳ ಶಾಲೆ ಭಾಗವಹಿಸಿತ್ತು:
ಇಲ್ಲಿ ಶಾಲಾ ಮಕ್ಕಳಿಗೆ ಎಸ್‌ಎಸ್‌ಇಪಿ ಅಂತ ಒಂದು ಕಾರ್ಯಕ್ರಮ ಇದೆ. ಕೊಡೋದು ಒಂದು ಸಿಲಿಕೋನ್ ಕೊಳವೆ, ನಡುವೆ ಒಂದೋ ಎರಡೋ ಕ್ಲಿಪ್ಪು, ಅಷ್ಟೇ. ಕರೆಂಟಿಲ್ಲ, ಕ್ಯಾಮೆರಾ ಇಲ್ಲ. ಗೊತ್ತು ಮಾಡಿದ ದಿನ ಅಂತರಿಕ್ಷ ನಿಲ್ದಾಣದಲ್ಲಿ ಗಗನಯಾತ್ರಿ ಕ್ಲಿಪ್ಪು ತೆಗೆದು ಅಲ್ಲಾಡಿಸುತ್ತಾರೆ. ಒಂದು ಕಡೆ ಒಣ ಬೀಜ, ಇನ್ನೊಂದು ಕಡೆ ನೀರು, ಬೇಕಿದ್ದರೆ ಮೂರನೇ ಭಾಗದಲ್ಲಿ ಬೆಳವಣಿಗೆ ನಿಲ್ಲಿಸುವ ದ್ರಾವಣ. ಇಷ್ಟರೊಳಗೇ ಯೋಚಿಸಬೇಕಾದಾಗ ಮಕ್ಕಳ ಪ್ರಶ್ನೆ ಎಷ್ಟು ಚೂಪಾಗುತ್ತೆ ನೋಡಿ! ನೀವೂ ಅಂಥದ್ದೊಂದು ಕೊಳವೆ ಕೊಟ್ಟು ಕ್ಲಾಸಿನಲ್ಲಿ ತಂಡಗಳ ಸ್ಪರ್ಧೆ ಇಡಬಹುದು.

ಸಾಮಾನು, ಅಳತೆ ಎಲ್ಲ ಬರೆದಿಡಿಸಿ. 2014ರ ಅಕ್ಟೋಬರ್ 28ರಂದು ವರ್ಜೀನಿಯಾದ ವಾಲಪ್ಸ್‌ನಲ್ಲಿ ಅಂಟಾರೆಸ್ ರಾಕೆಟ್ ಮೇಲೆದ್ದ ಕೆಲವೇ ಸೆಕೆಂಡಿನಲ್ಲಿ ಸ್ಫೋಟಿಸಿದಾಗ ಅದರಲ್ಲಿ ಈ ಮಕ್ಕಳ ಪ್ರಯೋಗಗಳೂ ಇದ್ದವು. ಮತ್ತೆ ಕೂತು ತಯಾರು ಮಾಡಿ ಮುಂದಿನ ಜನವರಿಯಲ್ಲೇ ಸ್ಪೇಸ್‌ಎಕ್ಸ್‌ನಲ್ಲಿ ಕಳಿಸಿದರು.

ಧಾರವಾಡದಿಂದ, ಬೀಜ ಪರೀಕ್ಷೆ ಮಾಡಾಕಿ:
ಸರ, ಶುಕ್ಲಾ ಅವರು ಒಯ್ದ ಕಾಳಿನ ಪ್ರಯೋಗ ನಮ್ಮ ಕೃಷಿ ವಿಶ್ವವಿದ್ಯಾಲಯ ಮತ್ತ ಐಐಟಿ ಧಾರವಾಡದವರದು, ಹುಡುಗರಿಗೆ ಹೇಳ್ರಿ. ರಾಕೆಟ್ ಆಮೇಲೆ ಇರಲಿ, ನೆಲದ ಮ್ಯಾಲಿನ ಜೋಡಿ ಪ್ರಯೋಗ ಮೊದಲು, ಅಂದ್ರ ಮ್ಯಾಲೆ ಮಾಡೋದನ್ನ ಇಲ್ಲೂ ಹಂಗ ಮಾಡಿ ಹೋಲಿಸಿ ನೋಡೋದು. ಒಂದೇ ಹೊಲದ, ಒಂದೇ ಸುಗ್ಗಿಯ ಕಾಳು ತಗೋರಿ. ಹಸಿ ಕಾಗದದಾಗ ನೂರು ನೂರು ಕಾಳು ಸುತ್ತಿ ಎಷ್ಟು ಮೊಳೀತಾವ ಎಣಿಸ್ರಿ. ಇಲ್ಲೇ ನೂರಕ್ಕ ಎಪ್ಪತ್ತು ಮೊಳಿಯೋ ಕಾಳು ಮ್ಯಾಲೆ ಮೊಳೀಲಿಲ್ಲಂದ್ರ ಅದು ತೂಕ ಇಲ್ಲದ್ದರ ಪರಿಣಾಮ ಅಂತ ಹೆಂಗ ಹೇಳ್ತೀರಿ? ನೀರೂ ಅಳತಿ ಮ್ಯಾಲೇ ಇರಲಿ. ಅಲ್ಲಿ ನೀರು ಕೆಳಗ ಇಳಿಯಂಗಿಲ್ಲ, ಕಾಳಿಗೆ ಅಂಟಿಕೊಂಡು ಕೂಡತದ, ಉಸಿರು ಕಟ್ಟತದ.

ಕ್ಲೈನೋಸ್ಟ್ಯಾಟ್ ಮಾಡಿ ನೋಡ್ರಿ. ಮೊಳಕಿ ತಟ್ಟಿ ನಿಲ್ಲಿಸಿ, ಅಡ್ಡ ಅಚ್ಚಿನ ಮ್ಯಾಲೆ ಸಾವಕಾಶ ತಿರುಗಿಸೋದು, ಅಷ್ಟ. ಬೇರಿಗೆ ಕೆಳಗ ಯಾವುದು ತಿಳಿಯಂಗಿಲ್ಲ, ದಿಕ್ಕು ತಪ್ಪತದ. ತೂಕ ಏನ ಹೋಗಂಗಿಲ್ಲ ಮತ್ತ, ದಿಕ್ಕಷ್ಟ ಸರಾಸರಿ ಆಗತದ. ಕೆಟ್ಟ ಮೈಕ್ರೊವೇವ್ ಒಲಿಯೊಳಗಿನ ತಟ್ಟಿ ತಿರುಗಿಸೋ ಮೋಟಾರು ಸಾಕು.

ಕೇಳಿದವರು: ಎಲ್ಲರಿಗೂ ಧನ್ಯವಾದ. ಕ್ಲೈನೋಸ್ಟ್ಯಾಟೇ ಮೊದಲು ಅಂತ ತೀರ್ಮಾನ. ಆ ಮೋಟಾರನ್ನ ನೇರ ಮನೆ ಕರೆಂಟಿಗೆ ಕೊಡಬಹುದಾ?

ಬೆಂಗಳೂರಿನವನು: ಮೋಟಾರಿನ ಮೇಲೆ ಬರೆದಿರೋ ವೋಲ್ಟ್ ನೋಡಿ. ಕೆಲವು 220, ಕೆಲವು ಬರೀ 21. ಎರಡನೆಯದನ್ನು ಗೋಡೆಯ ಪ್ಲಗ್ಗಿಗೆ ಹಾಕಿದರೆ ಸುಟ್ಟೇ ಹೋಗುತ್ತೆ. 220ರದ್ದಾದರೆ ವೈರ್ ಜೋಡಿಸೋದು ಮಕ್ಕಳ ಕೈಗೆ ಬೇಡ, ಎಲೆಕ್ಟ್ರಿಷಿಯನ್‌ಗೇ ಹೇಳಿ.