ಅರೇಬಿಕಾ ಕಾಫಿ ಪಾರ್ಚ್‌ಮೆಂಟ್ ಲೋಳೆ ಬಿಟ್ಟಿದೆ ಅಂತ ತಿಳಿಯೋದು ಹೇಗೆ?

ಪ್ರಶ್ನೆ (ಸಕಲೇಶಪುರ): ಇಷ್ಟು ವರ್ಷ ಕಾಫಿ ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿ ಚೆರ್ರಿ ಮಾಡ್ತಿದ್ವಿ. ಈ ಸಲ ಮೊದಲ ಬಾರಿಗೆ ಪಲ್ಪಿಂಗ್, ಅಂದರೆ ಹಣ್ಣಿನ ಸಿಪ್ಪೆಯನ್ನು ಯಂತ್ರದಲ್ಲಿ ಸುಲಿಯೋದು. ಸಿಪ್ಪೆ ಸುಲಿದ ಕಾಳು (ಪಾರ್ಚ್‌ಮೆಂಟ್) ಲೋಳೆ ಬಿಡೋಕೆ ತೊಟ್ಟಿಯಲ್ಲಿ ಎಷ್ಟು ಗಂಟೆ ಇಡಬೇಕು? ತಿಳಿದವರು ಹೇಳಿ.

ಮೂಡಿಗೆರೆಯಿಂದ: ಗಡಿಯಾರ ನಂಬಬೇಡಿ ಸರ್. ಅರೇಬಿಕಾಗೆ 24ರಿಂದ 36 ಗಂಟೆ ಅನ್ನೋದು ಅಂದಾಜು ಅಷ್ಟೇ. ಡಿಸೆಂಬರ್ ಚಳಿಯಲ್ಲಿ ನಿಧಾನ, ಬಿಸಿಲೇರಿದ ದಿನಗಳಲ್ಲಿ ಬೇಗ. 18 ಗಂಟೆ ಆದ ಮೇಲೆ ಎರಡು ಗಂಟೆಗೊಮ್ಮೆ ನೋಡ್ತಾ ಇರಿ. ತೊಟ್ಟಿಯ ಮೇಲೆ, ನಡುವೆ, ತಳ, ಮೂರೂ ಕಡೆಯಿಂದ ಒಂದೊಂದು ಹಿಡಿ ತೆಗೆದು, ಶುದ್ಧ ನೀರಲ್ಲಿ ತೊಳೆದು, ಅಂಗೈಯಲ್ಲಿ ಉಜ್ಜಿ. ಜಾರಿದರೆ ಇನ್ನೂ ಆಗಿಲ್ಲ. ಸಣ್ಣ ಕಲ್ಲು ಉಜ್ಜಿದ ಹಾಗೆ ಕರಕರ ಅಂದರೆ ಆಯ್ತು. ಕಾಳಿನ ನಡುವಿನ ಸೀಳನ್ನು ಉಗುರಿನಿಂದ ಕೆರೆದು ನೋಡಿ, ಲೋಳೆ ಕೊನೆಗೆ ಬಿಡೋದು ಅಲ್ಲೇ. ಇನ್ನೊಂದು ಗುರುತು: ರಾಶಿಗೆ ಕೋಲು ಚುಚ್ಚಿ ತೆಗೆಯಿರಿ. ಗುಳಿ ಮುಚ್ಚಿಕೊಳ್ಳದೆ ಹಾಗೇ ನಿಂತರೆ ತೊಳೆಯೋ ಹೊತ್ತು ಬಂದಿದೆ.

ಇವತ್ತಿನ ಹಣ್ಣಿನ ಪಾರ್ಚ್‌ಮೆಂಟನ್ನು ನಿನ್ನೆಯದರ ಮೇಲೆ ಸುರಿಯಲೇಬೇಡಿ. ಒಂದು ಹದಕ್ಕೆ ಬರುವಷ್ಟರಲ್ಲಿ ಇನ್ನೊಂದು ಕೆಟ್ಟಿರುತ್ತೆ.

ಆಲ್ದೂರಿನಿಂದ: ಕೈಗೆ ಅಂದಾಜು ಸಿಗೋವರೆಗೆ ಪಿಎಚ್ ಮೀಟರ್ (ಹುಳಿ ಅಳೆಯೋ ಸಾಧನ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಇಟ್ಕೊಳ್ಳಿ. ದಿನಾ ಪಿಎಚ್ 4 ಮತ್ತು 7ರ ದ್ರಾವಣದಲ್ಲಿ ಮೀಟರ್ ಸರಿಹೊಂದಿಸಿಕೊಂಡೇ ಅಳೆಯಿರಿ. ತೊಟ್ಟಿಯಿಂದ ಬಸಿಯೋ ರಸ ಶುರುವಿನಲ್ಲಿ 5.5ರ ಆಸುಪಾಸು ಇರುತ್ತೆ. 4.5ರ ಹತ್ತಿರ ಇಳಿದಾಗ ಕೈ ಪರೀಕ್ಷೆ ಮಾಡಿ, ಲೋಳೆ ಬಿಟ್ಟಿದ್ದರೆ ತಕ್ಷಣ ತೊಳೆಯಿರಿ. 4ರ ಕೆಳಗೆ ಹೋಗಲು ಬಿಟ್ಟರೆ ವಿನೆಗರ್ ಹುಳಿ ಹತ್ತುತ್ತೆ, ಆಮೇಲೆ ಕೊಳೆತ ಈರುಳ್ಳಿ ವಾಸನೆ. ಆ ನಾತ ಕಾಳಿನೊಳಗೆ ಇಳಿದರೆ ಎಷ್ಟು ತೊಳೆದರೂ, ಹುರಿದರೂ ಹೋಗಲ್ಲ. ಅಂಥ ಕೆಲವೇ ಕಾಳು ಇಡೀ ಲಾಟ್ ಕೆಡಿಸ್ತವೆ. ಹಾಗಂತ ಹೆದರಿ ಅರ್ಧಕ್ಕೇ ತೊಳೆದರೂ ನಷ್ಟ. ಉಳಿದ ಲೋಳೆ ತೇವ ಎಳೆದುಕೊಂಡು ಒಣಗುವಾಗ ಬೂಷ್ಟು ತರುತ್ತೆ.

ಮತ್ತೆ ಪ್ರಶ್ನೆ: ಮೇಲಿನ ಪದರ ಕಂದಾಗ್ತಿದೆ, ತಳದಲ್ಲಿ ಇನ್ನೂ ಜಾರ್ತಿದೆ. ಏನು ಮಾಡಲಿ?

ಮೂಡಿಗೆರೆಯಿಂದ: ಮೇಲೆ ಗಾಳಿಗೆ ಒಣಗ್ತಿದೆ. ಮರದ ಹಲಗೆಯಲ್ಲಿ ತಳದಿಂದ ಎತ್ತಿ ಮಗುಚಿ, ಒದ್ದೆ ಗೋಣಿ ಹೊದಿಸಿ. ರಸ ಬಸಿಯೋ ತೂತು ಕಟ್ಟಿಕೊಂಡು ತಳದಲ್ಲಿ ನೀರು ನಿಂತಿದೆಯಾ ಅದನ್ನೂ ನೋಡಿ. ಪಲ್ಪರ್ (ಸಿಪ್ಪೆ ಸುಲಿಯೋ ಯಂತ್ರ) ಸರಿಯಾಗಿ ಹೊಂದಿಸದೆ ಸಿಪ್ಪೆ, ಇಡೀ ಹಣ್ಣು ತೊಟ್ಟಿಗೆ ಬಂದಿದ್ದರೂ ಹೀಗೆ ಏರುಪೇರಾಗುತ್ತೆ, ಆರಿಸಿ ತೆಗೀರಿ.

ಬೇಲೂರಿನಿಂದ: ಮುಂದೆ ರೊಬಸ್ಟಾ (ಕಾಫಿಯ ಇನ್ನೊಂದು ಜಾತಿ) ಪಲ್ಪಿಂಗ್ ಮಾಡೋದಾದರೆ ಇದೇ ಲೆಕ್ಕ ಹಿಡೀಬೇಡಿ. ಅದರ ಲೋಳೆ ದಪ್ಪ, 72 ಗಂಟೆವರೆಗೂ ಹಿಡಿಯುತ್ತೆ. ಅದಕ್ಕೇ ಬಹಳ ತೋಟಗಳಲ್ಲಿ ಆಕ್ವಾ ವಾಷರ್ (ಲೋಳೆ ಉಜ್ಜಿ ತೆಗೆಯೋ ಯಂತ್ರ) ಹಾಕ್ತಾರೆ. ಅರೇಬಿಕಾ ಮೂರು ನಾಲ್ಕು ನೀರಲ್ಲಿ ತೊಳೆದ ಮೇಲೆ ಒಂದು ರಾತ್ರಿ ಶುದ್ಧ ನೀರಲ್ಲಿ ಮುಳುಗಿಸಿಡಿ, ಬಣ್ಣ ಚೆನ್ನಾಗಿ ಬರುತ್ತೆ. ತೊಳೆದ ನೀರು ಹುಳಿ ಇರುತ್ತೆ. ಸುಣ್ಣ ಹಾಕಿ ಹೊಂಡದಲ್ಲಿ ನಿಲ್ಲಿಸಿ, ಹಳ್ಳಕ್ಕೆ ಬಿಡಬೇಡಿ. ನಮ್ಮ ಹಳ್ಳಗಳೆಲ್ಲ ಸೇರೋದು ಹೇಮಾವತಿಗೇ.