ತುಕ್ಕಿನ ಬಣ್ಣ: ಒಂದು ಚೂರು ಚೆನ್ನಾಗಿ ಬಂತು, ಉಳಿದವಕ್ಕೆ ಏನಾಯ್ತು?

ಚಿಂದಿಗಂಟು:
ಹೊಲಿದು ಉಳಿದ ಬಟ್ಟೆ ಚೂರುಗಳು ಒಂದು ಚೀಲ ತುಂಬ ಇದ್ದವು. ಸುಮ್ನೆ ಎಸೆಯುವ ಬದಲು ತುಕ್ಕಿನ ಬಣ್ಣ ಹಿಡಿಸಿ ನೋಡೋಣ ಅಂತ ಕೂತೆ. ಅರ್ಧ ವಿನೆಗರ್, ಅರ್ಧ ನೀರು ಬೆರೆಸಿ ಚೂರುಗಳನ್ನು ನೆನೆಸಿ ಹಿಂಡಿದೆ. ಒಳಗೆ ಮೊಳೆ, ವಾಷರ್, ಒಂದು ಹಳೇ ಬಾಗಿಲ ಚಿಲಕ ಇಟ್ಟು ಸುತ್ತಿ, ದಾರ ಬಿಗಿದು, ಪ್ಲಾಸ್ಟಿಕ್ ಕವರ್‌ಗೆ ಹಾಕಿ ಗಾಳಿ ಆಡದ ಹಾಗೆ ಕಟ್ಟಿಟ್ಟೆ.

ಮಾರನೇ ದಿನ ಬಿಚ್ಚಿದರೆ ಚಿಲಕ ಸುತ್ತಿದ್ದ ಹತ್ತಿ ಬಟ್ಟೆ ಮೇಲೆ ಅದರ ಅಚ್ಚು ಹಾಗೇ ಮೂಡಿತ್ತು, ಸ್ಕ್ರೂ ತೂತಿನ ಸಮೇತ! ಅಂಚಲ್ಲಿ ಕಡು ಕಂದು, ಹೊರಗೆ ಹೋದ ಹಾಗೆ ತೆಳು ಕಿತ್ತಳೆ. ಖುಷಿ ಅಲ್ಲಿಗೇ ಮುಗೀತು. ಹೊಳೆಯುವ ಹೊಸ ಮೊಳೆ ಇಟ್ಟ ಚೂರುಗಳಲ್ಲಿ ಏನೂ ಇಲ್ಲ. ಪಾಲಿಯೆಸ್ಟರ್ ಲೈನಿಂಗ್ ಚೂರಿನ ಮೇಲೆ ಬಂದದ್ದು ತೊಳೆದಾಗ ನೀರಿಗೇ ಹೋಯ್ತು. ಮೊದಲೇ ಚಹಾದಲ್ಲಿ ಅದ್ದಿ ಒಣಗಿಸಿದ್ದ ಒಂದು ಚೂರು ಕಂದು ಆಗುವ ಬದಲು ಇಂಕು ಚೆಲ್ಲಿದ ಹಾಗೆ ಕಪ್ಪಾಗಿದೆ. ಇನ್ನೊಂದನ್ನು ಮರೆತು ವಾರ ಬಿಟ್ಟಿದ್ದೆ, ಇಸ್ತ್ರಿ ಮಾಡುವಾಗ ಪರ್ ಅಂತ ಹರಿಯಿತು.

ಕೊನೆಗೆ ಉಪ್ಪು ನೀರಲ್ಲಿ ಅದ್ದಿದರೆ ತುಕ್ಕು ನಿಲ್ಲುತ್ತದೆ ಅಂತಾರಲ್ಲ, ಅದು ನಿಜವಾ?

ಹಳೇಮೊಳೆ:
ಹೊಳೆಯುವ ಮೊಳೆಗೆ ಸಾಮಾನ್ಯವಾಗಿ ಸತುವಿನ ಲೇಪ ಇರುತ್ತದೆ, ಅದು ಇರುವವರೆಗೂ ಕಬ್ಬಿಣ ತುಕ್ಕು ಹಿಡಿಯುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಅಂತೂ ಮರೆತುಬಿಡಿ. ಈಗಾಗಲೇ ತುಕ್ಕು ತಿಂದ ಸಾಮಾನೇ ಹುಡುಕಿ.

ಇನ್ನೊಂದು ತಪ್ಪು, ಗಾಳಿ ಆಡದ ಹಾಗೆ ಕಟ್ಟಿದ್ದು. ತುಕ್ಕಿಗೆ ತೇವ ಎಷ್ಟು ಬೇಕೋ ಗಾಳಿಯೂ ಅಷ್ಟೇ ಬೇಕು. ಕವರ್ ಬಾಯಿ ಸ್ವಲ್ಪ ಸಡಿಲ ಬಿಡಿ, ನಡುನಡುವೆ ತೆಗೆದು ನೋಡಿ, ಒಣಗಿದ್ದರೆ ವಿನೆಗರ್ ನೀರು ಸ್ಪ್ರೇ ಮಾಡಿ. ಕಬ್ಬಿಣಕ್ಕೆ ಬಟ್ಟೆ ಅಂಟಿಕೊಂಡ ಕಡೆ ಮಾತ್ರ ಅಚ್ಚು ಚೂಪಾಗಿ ಬರುತ್ತದೆ. ನಿಮ್ಮ ಚಿಲಕ ಚಪ್ಪಟೆ, ಅದಕ್ಕೇ ಅಷ್ಟು ಚೆನ್ನಾಗಿ ಬಂದಿದೆ. ಹೊಸ ಬಟ್ಟೆಯಾದರೆ ಮೊದಲು ಒಗೆದು ಗಂಜಿ ತೆಗೆಯಿರಿ. ಹತ್ತಿ, ಲಿನನ್, ರೇಷ್ಮೆ ಬಣ್ಣ ಹಿಡಿಯುತ್ತವೆ. ಪಾಲಿಯೆಸ್ಟರ್ ಜೊತೆ ಒದ್ದಾಡಬೇಡಿ.

ಉಪ್ಪು ನೀರು ನಾನು ಯಾವಾಗಲೂ ಹಾಕುತ್ತೇನೆ, ಏನೂ ತೊಂದರೆ ಆಗಿಲ್ಲ.

ಸೂಜಿಮೊನೆ:
ಹಳೇಮೊಳೆ ಅವರೇ, ಉಪ್ಪಿಗೆ ಕಬ್ಬಿಣ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ ಅಲ್ವಾ? ಸಮುದ್ರದ ಪಕ್ಕ ಇರುವ ಗೇಟು ನೋಡಿದರೆ ಗೊತ್ತಾಗುತ್ತದೆ. ನಿಮಗೆ ತೊಂದರೆ ಆಗದೆ ಇರುವುದು ಆಮೇಲೆ ಚೆನ್ನಾಗಿ ಜಾಲಿಸಿದ್ದಕ್ಕೆ ಇರಬೇಕು. ಮೊದಲು ಕಬ್ಬಿಣ ತೆಗೆದು ಬರೀ ನೀರಲ್ಲಿ ಜಾಲಿಸಿ. ಆಮೇಲೆ ಅಡುಗೆ ಸೋಡಾ ಕರಗಿಸಿದ ನೀರಲ್ಲಿ ಅದ್ದಿ. ಚಿಕ್ಕ ಚಿಕ್ಕ ಗುಳ್ಳೆ ಎದ್ದರೆ ಹುಳಿ ಇನ್ನೂ ಇದೆ ಅಂತ ಅರ್ಥ. ಗುಳ್ಳೆ ನಿಂತ ಮೇಲೆ ಸೋಪು ಹಾಕಿ ಒಗೆಯಿರಿ. ಬ್ಲೀಚ್ ಮಾತ್ರ ಬೇಡ.

ಹರಿದ ಚೂರಿನ ಕಥೆ ನನಗೂ ಆಗಿದೆ. ಹುಳಿ, ಕಬ್ಬಿಣ ಎರಡೂ ಸೇರಿ ಎಳೆಯನ್ನು ತಿನ್ನುತ್ತವೆ. ಒಂದು ದಿನ, ಹೆಚ್ಚೆಂದರೆ ಎರಡು ದಿನ ಸಾಕು. ಎಷ್ಟೇ ತೊಳೆದರೂ ಕಬ್ಬಿಣ ಒಳಗೆ ಉಳಿಯುತ್ತದೆ, ಹಾಗಾಗಿ ದಿನಾ ಹಾಕುವ ಬಟ್ಟೆಗೆ ನಾನಂತೂ ಇದನ್ನು ಮಾಡುವುದಿಲ್ಲ. ತುಕ್ಕು ದಪ್ಪಗೆ ಕೂತ ಕಡೆ ಹೊಲಿದರೆ ಸೂಜಿಯೂ ಬೇಗ ಮೊಂಡಾಗುತ್ತದೆ. ಒಣಗಿದ್ದನ್ನು ಮುಖದ ಮುಂದೆ ಕೊಡವಬೇಡಿ, ಆ ಪುಡಿ ಮೂಗಿಗೆ ಹೋಗುತ್ತದೆ. ಗ್ಲೌಸ್ ಹಾಕಿ. ಇದಕ್ಕೆ ಬಳಸಿದ ಪಾತ್ರೆ ಮತ್ತೆ ಅಡುಗೆಗೆ ಬೇಡ.

ಕಪ್ಪುಚಹಾ:
ಎಲ್ಲರೂ ಆ ಕಪ್ಪು ಚೂರನ್ನು ಬಿಟ್ಟುಬಿಟ್ಟಿರಲ್ಲ! ನನಗೆ ಇದರಲ್ಲಿ ಇಷ್ಟವಾದದ್ದೇ ಅದು. ಚಹಾದ ಒಗರಿಗೆ ಕಾರಣ ಟ್ಯಾನಿನ್. ಅದಕ್ಕೆ ಕಬ್ಬಿಣ ತಾಗಿದರೆ ಬೂದು, ಕಪ್ಪು, ಒಂದೊಂದು ಸಲ ನೇರಳೆ ಛಾಯೆ ಬರುತ್ತದೆ. ಇಂಕು ಚೆಲ್ಲಿದ ಹಾಗೆ ಅಂದಿರಿ, ಹಿಂದೆ ಓಕ್ ಮರದ ಗಂಟುಕಾಯಿ ರಸಕ್ಕೆ ಕಬ್ಬಿಣದ ಉಪ್ಪು ಬೆರೆಸಿ ಮಾಡುತ್ತಿದ್ದ ಶಾಯಿಯೂ ಇದೇ. ಆ ಶಾಯಿಯಲ್ಲಿ ಬರೆದ ಕೆಲವು ಹಳೇ ಕಾಗದಗಳಲ್ಲಿ ಅಕ್ಷರ ಇದ್ದ ಜಾಗವೇ ತೂತಾಗಿದೆ, ಸೂಜಿಮೊನೆ ಹೇಳಿದ ಎಳೆ ತಿನ್ನುವ ಕೆಲಸ ಅಲ್ಲೂ ನಡೆದಿದೆ.

ಮುಂದಿನ ಸಲ ಹೀಗೆ ಮಾಡಿ. ಕಿತ್ತಳೆ ಬಣ್ಣ ಬಂದ ಚೂರನ್ನು ತೊಳೆದ ಮೇಲೆ ಅರ್ಧ ಮಾತ್ರ ಗಟ್ಟಿ ಚಹಾ ಡಿಕಾಕ್ಷನ್‌ನಲ್ಲಿ ಇಳಿಬಿಡಿ. ಹಾಲು ಹಾಕಿದ್ದು ಬೇಡ ಮತ್ತೆ! ಮುಳುಗಿದ ಭಾಗ ಕಣ್ಣೆದುರೇ ಕಪ್ಪಾಗುತ್ತಾ ಬರುತ್ತದೆ. ದಾಳಿಂಬೆ ಸಿಪ್ಪೆ ಕುದಿಸಿದ ನೀರಿಗೂ ಹೀಗೇ ಆಗುತ್ತದೆ.

ಚಿಂದಿಗಂಟು:
ಎಲ್ಲರಿಗೂ ಥ್ಯಾಂಕ್ಸ್. ಸೋಡಾ ನೀರಲ್ಲಿ ಅದ್ದಿದೆ, ನಾನು ಎರಡು ಸಲ ತೊಳೆದಿದ್ದ ಚೂರಲ್ಲೂ ಗುಳ್ಳೆ ಎದ್ದವು. ಚಿಲಕದ ಅಚ್ಚನ್ನು ಚಹಾದಲ್ಲಿ ಅದ್ದಲು ಮನಸ್ಸು ಬರಲಿಲ್ಲ, ಅದಕ್ಕೇ ಚಿಲಕವನ್ನೇ ಇನ್ನೊಂದು ಚೂರಿಗೆ ಸುತ್ತಿಟ್ಟಿದ್ದೇನೆ. ಈ ಸಲ ಕವರ್ ಬಾಯಿ ತೆರೆದಿದೆ.