ಬಾಂಡ್‌ನಲ್ಲಿ ಬರೆದ ಎರಡೂವರೆ ಲಕ್ಷ ಪೂರ್ತಿ ಕಟ್ಟಲೇಬೇಕಾ?

ಪ್ರಶ್ನೆ:
ನಮಸ್ಕಾರ ಮೇಡಂ. ಒಂದು ಸಾಫ್ಟ್‌ವೇರ್ ಕಂಪನಿಗೆ ಫ್ರೆಶರ್ ಆಗಿ ಸೇರಿ 14 ತಿಂಗಳಾಯಿತು. ಸೇರುವಾಗಲೇ ಎರಡು ವರ್ಷದ ಬಾಂಡ್‌ಗೆ ಸಹಿ ಹಾಕಿಸಿಕೊಂಡರು. ಮಧ್ಯೆ ಬಿಟ್ಟರೆ ತರಬೇತಿ ವೆಚ್ಚ 2,50,000 ರೂಪಾಯಿ ಕಟ್ಟಬೇಕು ಅಂತ ಅದರಲ್ಲಿದೆ. ಜಾಮೀನಿಗೆ ಅಪ್ಪನ ಸಹಿಯೂ ಇದೆ. ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡು, ಸಹಿ ಮಾಡಿದ ಎರಡು ಖಾಲಿ ಚೆಕ್ಕು ಅವರ ಹತ್ತಿರವೇ ಇವೆ. ತರಬೇತಿ ಮೂರು ತಿಂಗಳು ಅಂದಿದ್ದರು, ಆದರೆ ಕ್ಲಾಸ್ ನಡೆದದ್ದು ಮೂರೇ ವಾರ. ನಾಲ್ಕನೇ ವಾರದಿಂದ ಕ್ಲೈಂಟ್ ಕೆಲಸಕ್ಕೆ ಹಾಕಿದರು. ಈಗ ಬೇರೆ ಕಡೆ ಆಫರ್ ಬಂದಿದೆ. ರಾಜೀನಾಮೆ ಕೊಟ್ಟ ದಿನವೇ ಎಚ್‌ಆರ್ ಮೇಲ್ ಬಂತು: ದುಡ್ಡು ಕಟ್ಟದಿದ್ದರೆ ರಿಲೀವಿಂಗ್ ಲೆಟರ್ ಕೊಡುವುದಿಲ್ಲ, ಪೊಲೀಸ್ ಕಂಪ್ಲೇಂಟ್ ಕೊಡುತ್ತೇವೆ ಅಂತ. ಅಪ್ಪನಿಗೆ ಹೇಳೋಕೂ ಭಯ. ಏನು ಮಾಡಲಿ?

ವಕೀಲರ ಉತ್ತರ:
ಮೊದಲು ಅಪ್ಪನಿಗೆ ಹೇಳಿ. ಜಾಮೀನುದಾರರು ಅವರು. ಲೀಗಲ್ ನೋಟಿಸ್ ಬಂದರೆ ಅವರ ಹೆಸರಿಗೂ ಬರುತ್ತದೆ. ಪೋಸ್ಟ್‌ಮ್ಯಾನ್ ಕೈಯಿಂದ ಗೊತ್ತಾಗುವುದಕ್ಕಿಂತ ನಿಮ್ಮ ಬಾಯಿಂದ ಗೊತ್ತಾಗಲಿ. ನೀವು ಕೊಡಬೇಕಾದ್ದಕ್ಕಿಂತ ಒಂದು ರೂಪಾಯಿ ಜಾಸ್ತಿ ಅವರಿಂದ ವಸೂಲಿ ಮಾಡಲು ಬರುವುದಿಲ್ಲ ಅಂತಲೂ ಹೇಳಿ.

ಇನ್ನು ಬಾಂಡ್ ವಿಷಯ. "ಬಾಂಡ್‌ಗೆಲ್ಲ ಕಾನೂನಲ್ಲಿ ಬೆಲೆ ಇಲ್ಲ, ಸುಮ್ನೆ ಬಿಟ್ಟು ಹೋಗಿ" ಅನ್ನುವವರಿದ್ದಾರೆ. "ಸಹಿ ಹಾಕಿದ ಮೇಲೆ ಮುಗೀತು, ಕಟ್ಟಲೇಬೇಕು" ಅನ್ನುವವರೂ ಇದ್ದಾರೆ. ಎರಡನ್ನೂ ನಂಬಬೇಡಿ. 1872ರ ಕರಾರು ಕಾಯ್ದೆಯ ಸೆಕ್ಷನ್ 74 ಹೇಳುವುದು ಇಷ್ಟು: ಕರಾರು ಮುರಿದರೆ ಇಂತಿಷ್ಟು ಅಂತ ಬರೆದಿದ್ದರೆ, ಆ ಮೊತ್ತವನ್ನು ಮೀರದಂತೆ ನ್ಯಾಯವಾದ ಪರಿಹಾರ ಕೇಳಬಹುದು. ಅಂದರೆ 2,50,000 ಅನ್ನುವುದು ಮೇಲಿನ ಗೆರೆ. ಅದಕ್ಕಿಂತ ಹೆಚ್ಚಿಗೆ ಕೋರ್ಟ್ ಕೊಡಿಸುವುದಿಲ್ಲ. ಕೆಳಗೆ ಎಷ್ಟು ಅನ್ನುವುದು ಅವರಿಗೆ ಆದ ನಷ್ಟ ನೋಡಿ ನಿರ್ಧಾರವಾಗುತ್ತದೆ. ನಷ್ಟವನ್ನು ಲೆಕ್ಕ ಹಾಕಿ ತೋರಿಸಲು ಸಾಧ್ಯವಿರುವ ಕಡೆ ತೋರಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಕೈಲಾಶ್ ನಾಥ್ ಪ್ರಕರಣದಲ್ಲಿ ಹೇಳಿದೆ.

ನಿಮ್ಮದಕ್ಕೆ ಹತ್ತಿರದ್ದು ದೆಹಲಿ ಹೈಕೋರ್ಟಿನ 2011ರ ಸಿಕ್ಪಾ ಇಂಡಿಯಾ ತೀರ್ಪು. ಮೂರು ವರ್ಷದ ಬಾಂಡ್, ಮೊತ್ತ 2 ಲಕ್ಷ. ಆತ ಎರಡು ವರ್ಷದ ಹೊತ್ತಿಗೆ ಬಿಟ್ಟ. ತರಬೇತಿಗೆ ಕಂಪನಿ ಖರ್ಚು ಮಾಡಿದ್ದು 67,595 ರೂಪಾಯಿ. ಕೊನೆಗೆ ಸಿಕ್ಕಿದ್ದು ಅದರ ಮೂರನೇ ಒಂದು ಭಾಗ, 22,532 ರೂಪಾಯಿ. ಎರಡು ಲಕ್ಷ ಎಲ್ಲಿ, ಇದೆಲ್ಲಿ!

ಪೊಲೀಸ್ ಮಾತಿಗೆ ಹೆದರಬೇಡಿ. ಕೆಲಸ ಬಿಡುವುದು ಅಪರಾಧವಲ್ಲ. ಸೇರುವ ದಿನವೇ ಮೋಸ ಮಾಡುವ ಉದ್ದೇಶ ಇತ್ತು ಅಂತ ತೋರಿಸದೆ ಇದು ವಂಚನೆ ಆಗುವುದಿಲ್ಲ. 14 ತಿಂಗಳು ದುಡಿದವರ ಮೇಲೆ ಅದನ್ನು ತೋರಿಸುವುದು ಹೇಗೆ? ಇದು ಸಿವಿಲ್ ವಿಷಯ. ಬೇಕಿದ್ದರೆ ಕರಾರು ಮುರಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬಹುದು. ಬಲವಂತವಾಗಿ ಕೆಲಸದಲ್ಲಿ ಕೂರಿಸಿ ಅಂತ ಯಾವ ಕೋರ್ಟೂ ಆದೇಶ ಮಾಡುವುದಿಲ್ಲ.

ಈಗ ಒಂದು ಮೇಲ್ ಬರೆಯಿರಿ. ನೋಟಿಸ್ ಅವಧಿ ಪೂರ್ತಿ ಮಾಡುತ್ತೇನೆ, ನನ್ನ ತರಬೇತಿಗೆ ನಿಜವಾಗಿ ಆದ ಖರ್ಚಿನ ವಿವರ ಮತ್ತು ಬಿಲ್ ಕಳಿಸಿ ಅಂತ. ಅಷ್ಟೇ. ಫೋನಿನಲ್ಲಿ ಜಗಳ ಬೇಡ.

ಕೇಳಿದವರು, ನಾಲ್ಕು ದಿನದ ನಂತರ:
ಮೇಡಂ, ಬಿಲ್ ಒಂದೂ ಕಳಿಸಲಿಲ್ಲ, ಆದರೆ ಲೆಕ್ಕ ಕಳಿಸಿದರು. ಮೂರು ತಿಂಗಳ ಸಂಬಳ 75,000. ತರಬೇತುದಾರರ ಫೀಸಿನಲ್ಲಿ ನನ್ನ ಪಾಲು 9,000. ಸರ್ಟಿಫಿಕೇಶನ್ ಪರೀಕ್ಷೆ 18,000. ಲ್ಯಾಪ್‌ಟಾಪ್ 48,000. ಸೀನಿಯರ್‌ಗಳ ಮೇಲ್ವಿಚಾರಣೆ 60,000. ನನ್ನ ಜಾಗಕ್ಕೆ ಹೊಸಬರ ನೇಮಕಾತಿ 40,000.

ವಕೀಲರ ಉತ್ತರ:
ಕೂಡಿ ನೋಡಿದಿರಾ? ಸರಿಯಾಗಿ 2,50,000. ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆ ಇಲ್ಲ. ನಿಜವಾದ ಖರ್ಚು ಹೀಗೆ ಗುಂಡಗೆ ಬರುವುದಿಲ್ಲ. ಮೊತ್ತ ಮೊದಲೇ ಇತ್ತು, ಬಾಬ್ತುಗಳನ್ನು ಆಮೇಲೆ ಹುಡುಕಿದ್ದಾರೆ. ಇಂಥ ಹಾಳೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಒಂದೊಂದಾಗಿ ನೋಡೋಣ. ಲ್ಯಾಪ್‌ಟಾಪ್ ನೀವು ವಾಪಸ್ ಕೊಡುತ್ತೀರಿ ಅಲ್ವಾ? ಹಾಗಿದ್ದರೆ ಅದು ನಿಮ್ಮ ಲೆಕ್ಕಕ್ಕೆ ಯಾಕೆ? ಕೊಡುವಾಗ ಸೀರಿಯಲ್ ನಂಬರ್ ಬರೆದು ಸಹಿ ಮಾಡಿಸಿಕೊಳ್ಳಿ. ಸೀನಿಯರ್‌ಗಳಿಗೆ ನೀವಿಲ್ಲದಿದ್ದರೂ ಅದೇ ಸಂಬಳ ಹೋಗುತ್ತಿತ್ತು. ಹೊಸ ಹುಡುಗನಿಗೆ ಕೆಲಸ ಹೇಳಿಕೊಡುವುದು ಯಾವ ಆಫೀಸಿನಲ್ಲೂ ಇರುವುದೇ, ಅದು ವಿಶೇಷ ತರಬೇತಿ ಅಲ್ಲ. ಸಂಬಳದ ಬಾಬ್ತಿನಲ್ಲಿ ಮೂರು ವಾರದ ಬಗ್ಗೆ ಅವರು ವಾದ ಮಾಡಬಹುದು. ನಾಲ್ಕನೇ ವಾರದಿಂದ ನಿಮ್ಮ ಕೆಲಸಕ್ಕೆ ಅವರು ಕ್ಲೈಂಟ್‌ಗೆ ಬಿಲ್ ಮಾಡಿದ್ದರೆ ಉಳಿದದ್ದು ದುಡಿದ ಕೂಲಿ. ಆ ದಿನಗಳ ಟೈಮ್‌ಶೀಟ್ ನಿಮ್ಮ ಹತ್ತಿರ ಇದೆಯಾ ನೋಡಿ. ಅದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ. ಹೊಸಬರ ನೇಮಕಾತಿ ಖರ್ಚನ್ನು ಪೂರ್ತಿ ತಳ್ಳಿಹಾಕಲು ಆಗುವುದಿಲ್ಲ, ಕಾರಣ ಕೆಳಗೆ ಇನ್ನೊಬ್ಬರಿಗೆ ಹೇಳುತ್ತೇನೆ. ಆದರೆ ನಿಜವಾಗಿ ಖರ್ಚಾಗಿದೆ ಅಂತ ಅವರು ತೋರಿಸಬೇಕು.

ಗಟ್ಟಿಯಾಗಿ ನಿಲ್ಲುವುದು ತರಬೇತುದಾರರ 9,000 ಮತ್ತು ಪರೀಕ್ಷೆಯ 18,000. ಒಟ್ಟು 27,000. 24 ತಿಂಗಳಲ್ಲಿ 14 ಮುಗಿದಿವೆ, ಉಳಿದದ್ದು 10. ಆ ಲೆಕ್ಕಕ್ಕೆ 11,250 ರೂಪಾಯಿ. ಕೋರ್ಟ್ ಇಷ್ಟನ್ನೇ ಹೇಳುತ್ತದೆ ಅಂತ ನಾನು ಬರೆದುಕೊಡಲಾರೆ. ಆದರೆ ಮಾತುಕತೆ ಇಲ್ಲಿಂದ ಶುರುವಾಗಲಿ, ಎರಡೂವರೆ ಲಕ್ಷದಿಂದಲ್ಲ. ನೋಟಿಸ್ ಅವಧಿ ಮುಗಿಯುವ ಹೊತ್ತಿಗೆ ಇನ್ನೂ ಇಳಿಯುತ್ತದೆ.

ಇನ್ನೊಬ್ಬ ಸದಸ್ಯರು:
ಮೇಡಂ, ನಾನು ಸರ್ಕಾರಿ ಬ್ಯಾಂಕಿನಲ್ಲಿ ಅಧಿಕಾರಿ. ನನ್ನದೂ ಬಾಂಡ್ ಇದೆ. ನಾನೂ ಹೀಗೇ ಬಿಲ್ ಕೇಳಬಹುದಾ?

ವಕೀಲರ ಉತ್ತರ:
ಸರ್, ನಿಮ್ಮ ದಾರಿ ಕಷ್ಟ. 2025ರ ಮೇ 14ರಂದು ಸುಪ್ರೀಂ ಕೋರ್ಟ್ ವಿಜಯ ಬ್ಯಾಂಕ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ಅನ್ನುವ ಷರತ್ತು. ಅಧಿಕಾರಿ 2017ರಲ್ಲಿ ಬೇರೆ ಬ್ಯಾಂಕಿಗೆ ಹೋಗುವಾಗ ಆಕ್ಷೇಪ ದಾಖಲಿಸಿ ದುಡ್ಡು ಕಟ್ಟಿದರು. ಆಮೇಲೆ ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು, ಸುಪ್ರೀಂ ಕೋರ್ಟಿನಲ್ಲಿ ಸೋತರು. ಸರ್ಕಾರಿ ಬ್ಯಾಂಕ್ ಯಾರನ್ನೋ ಕರೆದು ಕೆಲಸ ಕೊಡುವಂತಿಲ್ಲ. ಜಾಹೀರಾತು, ಪರೀಕ್ಷೆ, ಸಂದರ್ಶನ ಎಲ್ಲ ಮತ್ತೆ ನಡೆಸಬೇಕು, ಅದಕ್ಕೆ ಖರ್ಚಿದೆ. ಆ ಹುದ್ದೆಯ ಸಂಬಳಕ್ಕೆ 2 ಲಕ್ಷ ವಿಪರೀತ ಅಲ್ಲ. ಕೋರ್ಟ್ ಹೇಳಿದ್ದು ಇದು.

ಮೇಲಿನ ತಮ್ಮನಿಗೂ ಇದನ್ನೇ ಹೇಳಬೇಕಿತ್ತು. ಈ ತೀರ್ಪು ಬಂದ ಮೇಲೆ ಖಾಸಗಿ ಕಂಪನಿಗಳ ವಕೀಲರೂ ತಮ್ಮ ನೋಟಿಸಿನಲ್ಲಿ ಇದನ್ನೇ ಅಂಟಿಸುತ್ತಿದ್ದಾರೆ. ಆದರೆ ಅಲ್ಲಿನ ಕಾರಣಗಳು ಸಾರ್ವಜನಿಕ ನೇಮಕಾತಿಗೆ ಸೇರಿದವು. ಕ್ಯಾಂಪಸ್ಸಿನಲ್ಲಿ ಒಂದೇ ದಿನ ನೂರು ಜನರನ್ನು ಆರಿಸಿದ ಕಂಪನಿಗೆ ಅದು ಹಾಗೇ ಹೊಂದುವುದಿಲ್ಲ ಅಂತ ನಾನು ವಾದ ಮಾಡುತ್ತೇನೆ. ಎದುರಿನವರು ಬೇರೆ ಹೇಳುತ್ತಾರೆ.

ಇನ್ನೊಬ್ಬ ಸದಸ್ಯೆ:
ನಾನು ನರ್ಸ್, ಅಕ್ಕ. ಖಾಸಗಿ ಆಸ್ಪತ್ರೆ. ತರಬೇತಿ ಅಂತ ಏನೂ ಕೊಟ್ಟಿಲ್ಲ, ಮೊದಲ ದಿನವೇ ರಾತ್ರಿ ಪಾಳಿ. ಆದರೂ ಒರಿಜಿನಲ್ ಸರ್ಟಿಫಿಕೇಟ್ ಇಟ್ಟುಕೊಂಡಿದ್ದಾರೆ. ಒಂದು ಲಕ್ಷ ಕಟ್ಟಿ ತಗೊಂಡು ಹೋಗು ಅಂತಾರೆ.

ವಕೀಲರ ಉತ್ತರ:
ತಂಗಿ, ತರಬೇತಿಯೇ ಇಲ್ಲ ಅಂದಮೇಲೆ ತರಬೇತಿ ವೆಚ್ಚ ಎಲ್ಲಿಂದ ಬರುತ್ತದೆ? ಸರ್ಟಿಫಿಕೇಟ್ ಒಡವೆ ಅಲ್ಲ, ಅಡವಿಟ್ಟುಕೊಳ್ಳುವುದಕ್ಕೆ. ಬಾಕಿ ಇದೆ ಅನ್ನುವುದಾದರೆ ದಾವೆ ಹಾಕಲಿ. ಇಂಥ ದಿನ, ಇಂಥ ಸರ್ಟಿಫಿಕೇಟ್ ಪರಿಶೀಲನೆಗೆ ಕೊಟ್ಟಿದ್ದೆ, ಏಳು ದಿನದಲ್ಲಿ ವಾಪಸ್ ಕೊಡಿ ಅಂತ ಸ್ಪೀಡ್ ಪೋಸ್ಟಿನಲ್ಲಿ ಬರೆಯಿರಿ. ನಕಲು ಇಟ್ಟುಕೊಳ್ಳಿ. ಕೊಡದಿದ್ದರೆ ನನಗೆ ಬರೆಯಿರಿ, ಮುಂದಿನ ನೋಟಿಸ್ ಬೇರೆ ಥರ ಇರುತ್ತದೆ. ಪಿಎಫ್ ತಡೆಹಿಡಿಯುತ್ತೇವೆ ಅಂದರೆ ನಂಬಬೇಡಿ. ಅದು ಅವರ ಕೈಯಲ್ಲಿಲ್ಲ, ಸಾಲಕ್ಕೂ ಜಪ್ತಿ ಮಾಡಲು ಬಾರದ ದುಡ್ಡು ಅದು.

ಮತ್ತೊಬ್ಬರು:
ಎಲ್ಲರೂ ಮಾಲೀಕರನ್ನೇ ಬೈತೀರಿ. ನನ್ನದು ಸಣ್ಣ ಕಾರ್ಖಾನೆ. ಹೊಸ ಮಷಿನ್ ನಡೆಸುವುದನ್ನು ಕಲಿಯಲು ಒಬ್ಬ ಆಪರೇಟರ್‌ನನ್ನು ತಯಾರಕರ ಹತ್ತಿರ ಕಳಿಸಿ ಬಂದೆ. ಫೀಸು, ಪ್ರಯಾಣ, ವಸತಿ ಎಲ್ಲ ನನ್ನದೇ. ಮೂರನೇ ತಿಂಗಳು ಪಕ್ಕದವನು ಎರಡು ಸಾವಿರ ಜಾಸ್ತಿ ಕೊಟ್ಟು ಎಳೆದುಕೊಂಡ. ನಾನು ಬಾಯಿ ಮುಚ್ಚಿಕೊಂಡು ಇರಬೇಕಾ?

ವಕೀಲರ ಉತ್ತರ:
ಖಂಡಿತ ಇಲ್ಲ. ಬಾಂಡ್ ಇರಬೇಕಾದ್ದೇ ಇಂಥ ಕಡೆ. ತೋಷ್ನಿವಾಲ್ ಬ್ರದರ್ಸ್ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ ಮಾಲೀಕರ ಪರವಾಗಿಯೇ ಹೇಳಿದೆ. ವಿಶೇಷ ತರಬೇತಿ ಕೊಟ್ಟಿದ್ದರೆ, ಅದಕ್ಕೆ ಪ್ರತಿಯಾಗಿ ಇಷ್ಟು ದಿನ ದುಡಿಯುತ್ತೇನೆ ಅಂತ ಒಪ್ಪಿದ್ದರೆ, ಮಧ್ಯೆ ಬಿಡುವುದೇ ನಷ್ಟ ಅಂತ.

ಮುಂದಿನ ಸಲ ಸೇರುವ ದಿನ ಎಲ್ಲರ ಕೈಲೂ ಸಹಿ ಹಾಕಿಸಬೇಡಿ. ಕಳಿಸುವ ಮುಂಚೆ ಆ ಒಬ್ಬರ ಹತ್ತಿರ ಬರೆಸಿ: ಫೀಸು ಇಷ್ಟು, ಪ್ರಯಾಣ ಇಷ್ಟು, ವಾಪಸ್ ಬಂದು 18 ತಿಂಗಳು ಇರುತ್ತೇನೆ, ಪ್ರತಿ ತಿಂಗಳು ಕಳೆದಂತೆ ಹದಿನೆಂಟನೇ ಒಂದು ಭಾಗ ಇಳಿಯುತ್ತದೆ. ಬಿಲ್ಲುಗಳನ್ನು ಅದಕ್ಕೇ ಪಿನ್ ಮಾಡಿಡಿ. ಛಾಪಾ ಕಾಗದದ ಬೆಲೆ ಎಷ್ಟು ಅನ್ನುವುದಕ್ಕಿಂತ ಈ ಪಿನ್ ಮುಖ್ಯ. ಹೋದವನಿಗೆ ನೀವು ಏನಾದರೂ ಬರೆಸಿದ್ದಿರಾ?

ಕಾರ್ಖಾನೆಯವರು:
ಇಲ್ಲ ಮೇಡಂ. ಬಾಯಿ ಮಾತು.

ಕೇಳಿದವರು, ಎರಡು ವಾರದ ನಂತರ:
ಮೇಡಂ, ಅಪ್ಪನಿಗೆ ಹೇಳಿದೆ. ಬೈದರು, ಆಮೇಲೆ ಅವರೇ ನನ್ನ ಜೊತೆ ಆಫೀಸಿಗೆ ಬಂದರು. ಎಚ್‌ಆರ್ 20,000ಕ್ಕೆ ಇಳಿದಿದ್ದಾರೆ. ಮಾರ್ಕ್ಸ್ ಕಾರ್ಡ್ ಸಿಕ್ಕಿತು. ಚೆಕ್ ಮಾತ್ರ "ಹುಡುಕುತ್ತೇವೆ" ಅಂತಿದ್ದಾರೆ. ಬ್ಯಾಂಕಿಗೆ ಹೇಳಿ ಸ್ಟಾಪ್ ಪೇಮೆಂಟ್ ಮಾಡಿಸಿದರೆ ಸಾಕಲ್ವಾ?

ವಕೀಲರ ಉತ್ತರ:
ಸಾಕಾಗುವುದಿಲ್ಲ. ಎಲ್ಲದಕ್ಕಿಂತ ನನಗೆ ಚಿಂತೆ ಇರುವುದು ಆ ಚೆಕ್ಕಿನದೇ. ಸ್ಟಾಪ್ ಪೇಮೆಂಟ್ ಮಾಡಿಸಿದರೂ ಸೆಕ್ಷನ್ 138ರ ಚೆಕ್ ಬೌನ್ಸ್ ಕೇಸು ಹಾಕಬಹುದು. ಸಹಿ ನಿಮ್ಮದು ಅಂದಮೇಲೆ ಸಾಲ ಇತ್ತು ಅಂತಲೇ ಕೋರ್ಟ್ ಅಂದುಕೊಂಡು ಶುರುಮಾಡುತ್ತದೆ, ಇರಲಿಲ್ಲ ಅಂತ ತೋರಿಸುವ ಹೊಣೆ ನಿಮ್ಮದು. ಇವತ್ತೇ ಮೇಲ್ ಹಾಕಿ. ಎರಡೂ ಚೆಕ್ಕಿನ ನಂಬರ್ ಬರೆಯಿರಿ. ಭದ್ರತೆಗೆ ಅಂತ ಖಾಲಿ ಕೊಟ್ಟದ್ದು, ನಾನು ಯಾವ ಸಾಲವನ್ನೂ ತೆಗೆದುಕೊಂಡಿಲ್ಲ, ಬ್ಯಾಂಕಿಗೆ ಹಾಕಬೇಡಿ, ವಾಪಸ್ ಕೊಡಿ ಅಂತ. ಒಂದು ವೇಳೆ ಹಾಕಿ ಬೌನ್ಸ್ ಆದರೆ 30 ದಿನದೊಳಗೆ ನೋಟಿಸ್ ಕಳಿಸುತ್ತಾರೆ. ಅದು ನಿಮ್ಮ ಕೈಗೆ ಬಂದ ಮೇಲೆ ನಿಮಗಿರುವುದು 15 ದಿನ. ಆ ಲಕೋಟೆಯನ್ನು ಬೀರುವಿನಲ್ಲಿ ಇಡಬೇಡಿ, ನೇರ ವಕೀಲರ ಹತ್ತಿರ ಹೋಗಿ.

20,000 ಕೊಡುವ ಮನಸ್ಸಿದ್ದರೆ ಕೊಡಿ, ಕೇಸಿಗೆ ಓಡಾಡುವುದಕ್ಕಿಂತ ಅಗ್ಗ. ಆದರೆ ಎರಡು ಚೆಕ್ಕು, ರಿಲೀವಿಂಗ್ ಲೆಟರ್, "ಇನ್ನೇನೂ ಬಾಕಿ ಇಲ್ಲ" ಅನ್ನುವ ಒಂದು ಸಾಲು ಮೇಜಿನ ಮೇಲೆ ಬಂದ ಮೇಲೆ ದುಡ್ಡು ಹಾಕಿ. ಖಾತೆಗೇ ಹಾಕಿ, ನಗದು ಬೇಡ. ಚೆಕ್ ಕಳೆದುಹೋಗಿದೆ ಅಂದರೆ ಅದನ್ನೇ ಲೆಟರ್‌ಹೆಡ್‌ನಲ್ಲಿ, ನಂಬರ್ ಸಮೇತ ಬರೆಸಿಕೊಳ್ಳಿ. ಅಪ್ಪನ ಜಾಮೀನು ಮುಗಿಯಿತು ಅಂತಲೂ ಅದರಲ್ಲೇ ಇರಲಿ.